ಆವಾಜ್ ಸಣ್ಣ ಮಾಡುತ್ತಿದ್ದ ಕಾಕಾ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹೈದರಾಬಾದಿನ ದಿಲ್‌ಸುಖ್‌ನಗರದ ಬಸ್ ಸ್ಟಾಪಿನಲ್ಲಿ. ಹೇಳಿದವನು ನಮ್ಮ ಸೇಡಂ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸದವನು. "ಕೋಠಿ ಕಾಕಾ ಹೋದ್ರಲ್ಲೋ, ಗೊತ್ತಾತೇನು? ಹೋಗಿ ತಿಂಗಳಾತು" ಎಂದ. ನಾನು "ಹೌದಾ" ಎಂದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು, ಹತ್ತಿದೆ. ಕಿಟಕಿಯ ಪಕ್ಕ ಕುಳಿತ ಮೇಲೆ ದುಃಖವಾದೀತು ಎಂದು ಕಾದೆ. ದುಃಖದ ಬದಲು ಮೂಗಿಗೆ ಒಂದು ವಾಸನೆ ಬಂತು. ಗುಟ್ಕಾದ ಉಗುಳು ತುಂಬಿದ ಡಬ್ಬಿ, ಸುಟ್ಟ ತಂತಿ, ಬೆಸುಗೆಯ ಹೊಗೆ ಮೂರೂ ಸೇರಿದ ವಾಸನೆ. ಎಷ್ಟೋ ವರ್ಷಗಳಿಂದ ನಾನು ಆ ಮನುಷ್ಯನ ಜತೆ ಮಾತಾಡಿರಲಿಲ್ಲ. ಸತ್ತರೆಂದು ಈಗ ಸುಳ್ಳು ಹೊಗಳಿಕೆ ಬರೆಯಲಾರೆ. ಸುಳ್ಳು ಅವರ ಕಸುಬಾಗಿತ್ತು, ನನ್ನದಲ್ಲ.

ಕೋಠಿಯಲ್ಲಿ ಹಳೇ ಪುಸ್ತಕ ಮಾರುವ ಸಾಲಿನ ಹಿಂದೆ ಒಂದು ಗಲ್ಲಿ. ಅಲ್ಲಿ ಒಂದು ಮಂಚ ಹಿಡಿಸುವಷ್ಟು ಜಾಗದಲ್ಲಿ ಅವರ ಟಿ.ವಿ. ರಿಪೇರಿ ಅಂಗಡಿ ಇತ್ತು. ಬೀದರ್ ಕಡೆಯವರು. ಅರವತ್ತರ ಹತ್ತಿರದ ವಯಸ್ಸು, ಉದ್ದನೆಯ ಮೂಗು, ಮೂಗಿನ ತುದಿಗೆ ಕನ್ನಡಕ. ಒಂಬತ್ತು ವೋಲ್ಟಿನ ಬ್ಯಾಟರಿ ಜೀವಂತ ಇದೆಯೋ ಇಲ್ಲವೋ ನೋಡಲು ನಾಲಗೆ ಹಚ್ಚುತ್ತಿದ್ದರು. ಅದೇ ಬ್ಯಾಟರಿಯನ್ನು ಗಿರಾಕಿಯ ಕೈಗೆ ಕೊಡುತ್ತಿದ್ದರು. ಟಿ.ವಿ. ಗಾಜನ್ನು ಉಟ್ಟ ಲುಂಗಿಯಿಂದಲೇ ಒರೆಸುತ್ತಿದ್ದರು. ಉಗುಳಲು ಕಾಲ ಬಳಿ ಡಬ್ಬಿ ಇತ್ತು, ಆದರೆ ಗುರಿ ಸರಿ ಇರಲಿಲ್ಲ.

"ಆಗಂಗಿಲ್ಲ" ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಯಾವ ಸತ್ತ ಡಬ್ಬ ತಂದರೂ "ಆಗ್ತೈತಿ, ನಾಳಿ ಬಾ" ಎನ್ನುವರು. ಇದರ ಪಾರ್ಟು ಅದಕ್ಕೆ, ಅದರದು ಇದಕ್ಕೆ. ಹಾಗೆ ತೇಪೆ ಹಾಕಿದ ಟಿ.ವಿ.ಯಲ್ಲಿ ಮನುಷ್ಯರ ಮುಖ ಹಸಿರಾಗಿ ಕಾಣುವುದು. ಗಿರಾಕಿ ಸಿಟ್ಟಾಗಿ ಬಂದರೆ, "ಚಿತ್ರ ಬರಾಕತ್ತೈತಿಲ್ಲೋ? ಆವಾಜ್ ಹೋದ್ರ ಹೋಗ್ಲಿ, ಬಣ್ಣ ಹೋದ್ರ ಹೋಗ್ಲಿ, ಚಿತ್ರ ಇರ್ಬೇಕು" ಎನ್ನುವರು. ಒಮ್ಮೆ ಒಬ್ಬ ಮುದುಕಿ ರೇಡಿಯೋ ತಂದಳು. ಇವರು ರಿಪೇರಿ ಮಾಡಿದ ಮೇಲೆ ಅದರಲ್ಲಿ ಒಂದೇ ಸ್ಟೇಷನ್ ಬರತೊಡಗಿತು. ಮುದುಕಿ ಕೇಳಿದರೆ, "ಉಳಿದವು ಬಂದ್ ಆಗ್ಯಾವ ಯವ್ವಾ, ಸರ್ಕಾರದವ್ರು ಬಂದ್ ಮಾಡ್ಯಾರ" ಎಂದರು. ಆಕೆ ಸರ್ಕಾರವನ್ನು ಬೈಯುತ್ತಾ ಹೋದಳು. ಅಂಗಡಿಯ ಮುಂದೆ ಕೂತಿದ್ದ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆವತ್ತೇ ನನಗೆ ತಿಳಿಯಬೇಕಿತ್ತು.

ನಾನು ಕಲ್ಲು ಹಾಸುವವನು. ಆರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಅಪ್ಪ ಬಿಡಿಸಿದ. ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೈ ಪಳಗಿ, ಆಮೇಲೆ ಹೈದರಾಬಾದಿಗೆ ಬಂದೆ. ನನ್ನ ಕೆಲಸದಲ್ಲಿ ಹಾಸಿದ ಕಲ್ಲನ್ನು ಒಣಗಿದ ಮೇಲೆ ಬಡಿದು ನೋಡುವ ಪದ್ಧತಿ ಇದೆ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಖಾಲಿ ಬಿಟ್ಟಿದ್ದರೆ ಡಬ್ ಡಬ್. ಅದಕ್ಕೆ ಪೊಳ್ಳು ಎನ್ನುತ್ತೇವೆ. ಪೊಳ್ಳು ಕಲ್ಲು ನೋಡಲು ಚೆಂದವೇ ಇರುತ್ತದೆ. ಯಾರೋ ಒಂದು ದಿನ ಅದರ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟಾಗ ಒಡೆಯುತ್ತದೆ. ಗಚ್ಚಿಬೌಲಿಯಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಆ ಕಾಲದಲ್ಲಿ ಎಲ್ಲರಿಗೂ ಅವಸರ. ಅರ್ಧ ಜನ ಪೊಳ್ಳು ಹಾಸಿ ಹೋಗುತ್ತಿದ್ದರು. ನಾನು ಹಾಸಿದ್ದರಲ್ಲಿ ಒಂದು ಪೊಳ್ಳು ತೋರಿಸಿದರೆ ಇಡೀ ಕೋಣೆ ಕಿತ್ತು ಮತ್ತೆ ಹಾಸುತ್ತೇನೆ ಎನ್ನುತ್ತಿದ್ದೆ. ಯಾರೂ ತೋರಿಸಿಲ್ಲ.

ಇಂಥ ನಾನು ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಆ ಗಲೀಜು ಅಂಗಡಿಗೆ ಹೋಗುತ್ತಿದ್ದೆ. ಕಾರಣ ಒಂದು ಧಾರಾವಾಹಿ. ಅದು ಪರದೇಶದ್ದು, ಇಂಗ್ಲಿಷಿನದು. ಆಕಾಶದಲ್ಲಿ ಚುಕ್ಕಿಯಿಂದ ಚುಕ್ಕಿಗೆ ಹೋಗುವ ಹಡಗು, ಅದರಲ್ಲಿ ಮನೆ ಮಠ ಬಿಟ್ಟು ಬಂದ ಜನ. ನಾವು ಅದನ್ನು 'ಜಹಾಜು' ಎನ್ನುತ್ತಿದ್ದೆವು. ಸೇಡಂ, ಚಿತ್ತಾಪುರ, ಯಾದಗಿರಿ ಕಡೆಯ ಏಳೆಂಟು ಮಂದಿ ಕೂಲಿಗಳು ಗಲ್ಲಿಯಲ್ಲಿ ಗೋಣಿಚೀಲ ಹಾಸಿ ಕೂರುತ್ತಿದ್ದೆವು. ಕಾಕಾ ಟಿ.ವಿ.ಯ ಪಕ್ಕ ಸ್ಕ್ರೂಡ್ರೈವರ್ ಹಿಡಿದು ನಿಂತು, ಮೊದಲು ಆವಾಜ್ ಸಣ್ಣ ಮಾಡುವರು. "ಇಂಗ್ಲಿಷ್ ಕೇಳಿದ್ರ ನಿಮ್ಮ ತಲಿ ಕೆಡ್ತೈತಿ. ನಾ ಹೇಳ್ತೀನಿ ಕೇಳ್ರಿ" ಎನ್ನುವರು. ಆಮೇಲೆ ಒಂದು ಗಂಟೆ, ಒಬ್ಬೊಬ್ಬರ ತುಟಿ ಆಡುತ್ತಿದ್ದಂತೆ, ಅವರ ಮಾತನ್ನು ಕನ್ನಡದಲ್ಲಿ ಹೇಳುವರು.

ಚೆನ್ನಾಗಿ ಹೇಳುತ್ತಿದ್ದರು, ಇಲ್ಲ ಎನ್ನಲಾರೆ. ಇಬ್ಬರು ಹಡಗಿನ ಯಂತ್ರದ ಮುಂದೆ ನಿಂತು ಜಗಳ ಆಡುತ್ತಿದ್ದರೆ, "ಇಂವ ಅಂತಾನ, ನಿನ್ನ ತಂಗೀನ ನನಗ ಕೊಡ್ತೀನಿ ಅಂದಿದ್ದಿ, ಈಗ ಯಾಕ ಮಾತು ತಪ್ಪಿದಿ? ಅಂವ ಅಂತಾನ, ನೀ ಕುಡಿಯೂದು ಬಿಟ್ಟಿಯೇನಪಾ ಮೊದಲ?" ನಾವು ತೊಡೆ ತಟ್ಟಿ ನಗುವೆವು. ಕ್ಯಾಪ್ಟನ್ ಅವರ ಬಾಯಲ್ಲಿ ಥೇಟ್ ನಮ್ಮ ಮೇಸ್ತ್ರಿಯ ಹಾಗೆ ಮಾತಾಡುತ್ತಿದ್ದ. ಒಮ್ಮೆ ಟೇಪ್ ರೆಕಾರ್ಡರ್ ಒಯ್ಯಲು ಬಂದ ಕಾಲೇಜು ವಿದ್ಯಾರ್ಥಿಯೊಬ್ಬ ಸ್ವಲ್ಪ ಹೊತ್ತು ನಿಂತು ಕೇಳಿ, "ಚಾಚಾ, ಇನೋ ಐಸಾ ಕಾಂ ಬೋಲ್ರೇ?" ಎಂದ. ಟಿ.ವಿ.ಯವರು ಎಲ್ಲಿ ಹಾಗೆ ಹೇಳುತ್ತಿದ್ದಾರೆ ಎಂದು ನಕ್ಕ. ಕಾಕಾ ಅವನ ಟೇಪ್ ರೆಕಾರ್ಡರನ್ನು ಅವನ ಎದೆಗೆ ಒತ್ತಿ ಹೊರಗೆ ದಬ್ಬಿದರು. ನಮ್ಮ ಕಡೆ ತಿರುಗಿ, "ಭಾಳ ಓದಿದವ್ರಿಗೆ ಎದುರಿಗಿದ್ದದ್ದು ಕಾಣಂಗಿಲ್ಲ" ಎಂದರು. ಶಾಲೆ ಬಿಟ್ಟ ನಮಗೆಲ್ಲ ಆ ಮಾತು ಸಕ್ಕರೆಯಂತೆ ಇಳಿಯಿತು.

ಒಂದು ಭಾನುವಾರ ಮಳೆ ಬಂದು ಕರೆಂಟು ಹೋಗಿ, ಉಳಿದವರು ಬಂದಿರಲಿಲ್ಲ. ನಾನು ಮತ್ತು ಅವರು ಇಬ್ಬರೇ. ಯಾಕೋ ಅಪ್ಪನ ವಿಷಯ ಹೇಳಿದೆ. ಶಾಲೆ ಬಿಡಿಸಿದ ಸಂಜೆ ಮಾಸ್ತರರು ಮನೆಗೆ ಬಂದು, ಹುಡುಗ ಚಲೋ ಓದುತ್ತಾನೆ, ಬಿಡಿಸಬೇಡ ಎಂದರು. ಅಪ್ಪ, "ಇವನ ತಲಿ ನಿಮಗ ಬೇಕು, ಇವನ ಕೈ ನನಗ ಬೇಕು" ಎಂದುಬಿಟ್ಟ. ಅದೇ ವರ್ಷ ಅಪ್ಪನ ಕೈ ಮೇಲೆ ಗಣಿಯಲ್ಲಿ ಚಪ್ಪಡಿ ಬಿದ್ದು ಎರಡು ಬೆರಳು ಹೋಗಿದ್ದವು. ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹದಿನೇಳಕ್ಕೆ ಮನೆ ಬಿಟ್ಟವನು ಒಂಬತ್ತು ವರ್ಷ ಊರ ಕಡೆ ತಲೆ ಹಾಕಿರಲಿಲ್ಲ. ಕಾಕಾ ಬ್ಯಾಟರಿಗೆ ನಾಲಗೆ ಹಚ್ಚುತ್ತಾ ಕೇಳಿದರು. ಕೊನೆಗೆ ಅವರು ಅಂದದ್ದು ಒಂದೇ ಮಾತು.

"ಯಾವ ಕೈ, ಎಡಗೈ?"

"ಹೌದ್ರಿ, ಎಡಗೈ."

"ಹ್ಞಾ" ಎಂದು ಉಗುಳಿದರು.

ಮೂರು ನಾಲ್ಕು ವಾರ ಕಳೆದಿರಬೇಕು. ಜಹಾಜಿನಲ್ಲಿ ಒಬ್ಬ ಮುದಿ ಡಾಕ್ಟರ್ ಇದ್ದ, ಸದಾ ಎಡಗೈಗೆ ಕಪ್ಪು ಗವಸು. ಆ ಭಾನುವಾರ ಕ್ಯಾಪ್ಟನ್ ಜ್ವರದಲ್ಲಿ ಮಲಗಿದ್ದ. ಡಾಕ್ಟರ್ ಪಕ್ಕದಲ್ಲಿ ನಿಂತು, ಗವಸಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಏನೋ ಹೇಳಿದ. ಕಾಕಾ ಆವಾಜನ್ನು ಪೂರ್ತಿ ತೆಗೆದರು.

"ಇಂವ ಕ್ಯಾಪ್ಟನ್ನನ ಅಪ್ಪ. ಕ್ಯಾಪ್ಟನ್‌ಗ ಗೊತ್ತಿಲ್ಲ. ಸಣ್ಣಾವಿದ್ದಾಗ ಇಟ್ಟಂಗಿ ಭಟ್ಟಿ ಕುಸೀತು, ಅಪ್ಪ ಬೆಂಕ್ಯಾಗ ಕೈ ಹಾಕಿ ಇವನ್ನ ಎಳದ. ಕೈ ಸುಟ್ಟುಹೋತು. ಒಂದ ಕೈಲೆ ಮನಿ ಹೆಂಗ ನಡಸ್ಲಿ ಅಂತ ಮಗನ ಸಾಲಿ ಬಿಡಿಸಿ ಜಹಾಜಿಗೆ ಹಾಕಿದ. ಮಗ ಇವನ ಮ್ಯಾಲ ಇನ್ನೂ ಸಿಟ್ಟಾಗ್ಯಾನ. ಡಾಕ್ಟರ್ ಈಗ ಏನಂತಾನ ಅಂದ್ರ, ಹೇಳಿದ್ರ ಇಂವ ಋಣ ಅಂತ ತಿಳ್ಕೊಂತಾನ, ಹೇಳೂದು ಬ್ಯಾಡ, ಗವಸ ಇರ್ಲಿ ಅಂತಾನ."

ಯಾರೂ ನಗಲಿಲ್ಲ. ನಾನು ಗೋಣಿಚೀಲದ ನೂಲು ಕೀಳುತ್ತಾ ಕುಳಿತಿದ್ದೆ. ಮುಂದಿನ ಶನಿವಾರ ಊರಿನ ಬಸ್ಸು ಹತ್ತಿದೆ.

ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. "ಬಂದಿಯೇನು?" ಎಂದ. "ಬಂದೆ" ಎಂದೆ. ಅಷ್ಟೇ. ಎರಡು ದಿನ ಇದ್ದೆ. ಹೊರಡುವಾಗ, ಹೈದರಾಬಾದಿನಲ್ಲಿ ನಿನ್ನವರು ಯಾರಿದ್ದಾರೆ ಎಂದು ಕೇಳಿದ. ಕೋಠಿಯ ಕಾಕಾ ಎಂದೆ. ಅವರ ಅಂಗಡಿಯ ಹೊಸ್ತಿಲು ಮುರಿದ ಸಿಮೆಂಟಿನದು ಎಂದೂ ಹೇಳಿದೆ. ಅಪ್ಪ ಗಣಿಯ ಬಳಿ ಕರೆದೊಯ್ದು, ಹತ್ತು ಚಪ್ಪಡಿಗಳನ್ನು ಮೂರು ಬೆರಳಿನ ಆ ಕೈಯಿಂದ ಬಡಿದು ನೋಡಿ, ಒಂದನ್ನು ಆರಿಸಿಕೊಟ್ಟ. ಕಲ್ಲಿನ ಲಾರಿಯಲ್ಲಿ ಅದನ್ನು ತಂದು ಕಾಕಾನ ಹೊಸ್ತಿಲಿಗೆ ನಾನೇ ಹಾಸಿದೆ. ಎರಡನೆಯ ದಿನವೇ ಅದರ ಮೇಲೆ ಕೆಂಪು ಉಗುಳಿನ ಕಲೆ ಬಿತ್ತು. ಅದೇ ಚಳಿಗಾಲದಲ್ಲಿ ಅಪ್ಪ ಹೋದ.

ಇನ್ನು ಆ ಸಮ್ಮೇಳನದ ಮಾತು. ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತೆ ಆಗುತ್ತದೆ.

ಗಚ್ಚಿಬೌಲಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ನೆಲ ಹಾಸಿದವನು ನಾನು. ಕೆಲಸ ಮುಗಿಯುವ ವಾರ ಅಲ್ಲಿನ ಗೋಡೆಯ ಮೇಲೆ ನಮ್ಮ ಜಹಾಜಿನ ಚಿತ್ರ ಕಂಡು ನಿಂತೆ. ಅಲ್ಲೇ ಇದ್ದ ಒಬ್ಬ ಇಂಜಿನಿಯರ್, ಧಾರವಾಡ ಕಡೆಯವನು, "ಯಾಕ್ರಿ ಅಣ್ಣಾರ, ನೀವೂ ನೋಡ್ತೀರೇನು?" ಎಂದು ಕೇಳಿದ. ನೋಡುತ್ತೀರೇನು ಅಂದರೆ? ನನಗೆ ರೇಗಿತು. ಒಂದು ವಾರ ತಪ್ಪಿಸಿಲ್ಲ ಎಂದೆ. ಕೋಠಿಯ ಅಂಗಡಿಯ ಸಂಗತಿ ಹೇಳಿದೆ. ನಿಮ್ಮಲ್ಲಿ ಯಾರಿಗೂ ತಿಳಿಯದ್ದು ನಮ್ಮ ಕಾಕಾನಿಗೆ ತಿಳಿದಿದೆ ಎಂದೂ ಹೇಳಿದೆ. ಅವನ ಕಣ್ಣು ಅರಳಿತು. ಕಂಪ್ಯೂಟರ್ ಕಂಪನಿಗಳ ಹುಡುಗ ಹುಡುಗಿಯರೆಲ್ಲ ಸೇರಿ ಜಹಾಜಿನ ಅಭಿಮಾನಿಗಳ ಸಮ್ಮೇಳನ ಮಾಡುತ್ತಿದ್ದೇವೆ, ಇಬ್ಬರೂ ಬರಲೇಬೇಕು ಎಂದ.

ಕಾಕಾ ಬರಲು ಒಪ್ಪಲಿಲ್ಲ. ಮೊದಲು ಮೊಣಕಾಲು ನೋವು, ಆಮೇಲೆ ಗಿರಾಕಿ, ಆಮೇಲೆ ಯಾರದೋ ಮದುವೆ. "ಅಂಥ ಮಂದ್ಯಾಗ ನಮ್ಮದೇನು ಕೆಲಸಲೇ?" ಎಂದರು. ನಾನು ಬಿಡಲಿಲ್ಲ. ಅವರ ಕೈಹಿಡಿದು ಬಸ್ಸು ಹತ್ತಿಸಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಜೇಬಿನಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

ಹಾಲ್ ತುಂಬಾ ಜನ. ಮೀಸೆ ಬಂದ ಗಂಡಸರು ಕಿವಿಗೆ ರಬ್ಬರಿನ ಚೂಪು ಕಿವಿ ಅಂಟಿಸಿಕೊಂಡಿದ್ದರು. ಗೋಂದು ಬೆವರಿಗೆ ಬಿಟ್ಟು, ಕಿವಿ ಕುತ್ತಿಗೆಗೆ ಜೋತಾಡುತ್ತಿತ್ತು. ಒಬ್ಬ ಮೈಗೆಲ್ಲ ಹಸಿರು ಬಣ್ಣ ಬಳಿದುಕೊಂಡು ಬಂದಿದ್ದ, ಕಂಕುಳಲ್ಲಿ ಅದು ಕರಗಿ ಇಳಿಯುತ್ತಿತ್ತು. ಬೆಳ್ಳಿ ಬಣ್ಣದ ರೆಕ್ಸಿನ್ ಹೊಲಿಸಿಕೊಂಡವರಿಂದ ಹೊಸ ಚಪ್ಪಲಿಯ ಅಂಗಡಿಯ ವಾಸನೆ. ಎದುರಾದವರೆಲ್ಲ ಮೂರು ಬೆರಳು ಎತ್ತಿ ಗಂಟಲಲ್ಲಿ ಏನೋ ಕೂಗುವರು. ಬೇರೆ ಗ್ರಹದ ಶರಬತ್ತು ಎಂದು ನೀಲಿ ನೀರು ಕೊಟ್ಟರು, ಅದರೊಳಗೆ ಲೋಳೆಯಂಥ ಎಳೆಗಳು. ಒಂದು ಗುಟುಕು ಬಾಯಿಗೆ ಹಾಕಿ ಲೋಟಕ್ಕೇ ಮರಳಿ ಬಿಟ್ಟೆ. ನಾನು ಹಾಸಿದ ಗ್ರಾನೈಟಿನ ಮೇಲೆ ಪಫ್ ತುಳಿದು ಅರೆದಿದ್ದರು, ಕಬ್ಬಿಣದ ಸ್ಟ್ಯಾಂಡ್ ಎಳೆದು ಗೀರು ಬಿಟ್ಟಿದ್ದರು. ಒಬ್ಬಳು ಧಾರಾವಾಹಿಯಲ್ಲಿ ಸತ್ತ ಯಾರಿಗಾಗಿಯೋ ಮೈಕ್ ಹಿಡಿದು ಅತ್ತಳು, ಉಳಿದವರು ಅವಳನ್ನು ವಿಡಿಯೋ ಮಾಡಿದರು. ನನಗೂ ಆ ಜಹಾಜಿನ ಮೇಲೆ ಪ್ರೀತಿ ಇತ್ತು. ಪ್ರೀತಿಯನ್ನು ಹೀಗೆ ಮೈಮೇಲೆ ಬಳಿದುಕೊಂಡು ಓಡಾಡುವುದು ನನಗೆ ಗೊತ್ತಿರಲಿಲ್ಲ.

ಕಾಕಾ ಕೊನೆಯ ಸಾಲಿನಲ್ಲಿ ಬಾಗಿಲಿನ ಪಕ್ಕ ಕುಳಿತರು. ನಾನು ಅವರ ಪಕ್ಕ.

ಕ್ವಿಜ್ ಶುರುವಾಯಿತು. ಒಬ್ಬ ಹಿಂದಿಯಲ್ಲಿ ಕೇಳುತ್ತಿದ್ದ. ಡಾಕ್ಟರ್ ಎಡಗೈ ಗವಸನ್ನು ಯಾಕೆ ಬಿಚ್ಚುವುದಿಲ್ಲ ಎಂಬ ಪ್ರಶ್ನೆ ಬಂತು. ಎಲ್ಲರ ಕೈ ಮೇಲೆ ಹೋಯಿತು. ನಾನು ಕೈ ಎತ್ತಲಿಲ್ಲ, ಎದ್ದೇ ನಿಂತೆ. ಕಾಕಾ ನನ್ನ ಅಂಗಿ ಹಿಡಿದು ಕೆಳಗೆ ಎಳೆದರು. ನಾನು ಅವರ ಕೈ ಬಿಡಿಸಿಕೊಂಡೆ. ನನಗೆ ಬರುವ ಹಿಂದಿಯಲ್ಲಿ ಇಟ್ಟಿಗೆ ಭಟ್ಟಿ, ಬೆಂಕಿ, ಶಾಲೆ ಬಿಡಿಸಿದ್ದು, ಕ್ಯಾಪ್ಟನ್ನನ ಜ್ವರ, ಹಾಸಿಗೆಯ ಪಕ್ಕ ನಿಂತು ಡಾಕ್ಟರ್ ಆಡಿದ ಮಾತು ಎಲ್ಲ ಬಿಡಿಸಿ ಹೇಳಿದೆ. ಇದನ್ನೆಲ್ಲ ತಿಳಿಸಿದವರು ನಮ್ಮ ಕಾಕಾ ಎಂದು ಅವರ ಕಡೆ ಕೈ ತೋರಿಸಿದೆ.

ಮುಂದಿನ ಸಾಲಿನಿಂದ ನಗು ಎದ್ದಿತು, ಹಿಂದಿನವರೆಗೂ ಬಂತು. ಹಸಿರು ಬಣ್ಣದವನು ಹೊಟ್ಟೆ ಹಿಡಿದುಕೊಂಡ. "ಇಟುಕಲ ಬಟ್ಟೀನಾ?" ಎಂದು ಯಾರೋ ತೆಲುಗಿನಲ್ಲಿ ಕೇಳಿದರು. ಅದಕ್ಕೂ ನಗು. ಧಾರವಾಡದವನು ಓಡಿ ಬಂದು ನನ್ನ ಕಿವಿಯಲ್ಲಿ ಹೇಳಿದ.

"ಅಣ್ಣಾರ, ಆ ಡಾಕ್ಟರ್ ಮನಷ್ಯಾನ ಅಲ್ರಿ. ಮಷೀನು. ವೈರಿಗಳು ಕಳಿಸಿದ್ದು. ಗವಸಿನೊಳಗ ಕಬ್ಬಿಣದ ಕೈ ಐತ್ರಿ. ಕಡೀ ಭಾಗದಾಗ ಗೊತ್ತಾಗ್ತೈತಿ, ಇಲ್ಲಿ ಅದನ್ನ ತೋರ್ಸಿಲ್ಲ, ನಾವು ಸಿ.ಡಿ. ತರಿಸಿ ನೋಡೀವಿ."

"ಜ್ವರ ಬಂದಾಗ ಹೇಳ್ತಾನಲ್ಲ?"

"ಅಲ್ಲಿ ಅಂವ ಹೇಳೂದು, ಗಾಳಿ ಯಂತ್ರ ಕೆಟ್ಟೈತಿ, ಇನ್ನ ಎರಡ ತಾಸಿನ ಗಾಳಿ ಉಳದೈತಿ ಅಂತ. ಅಷ್ಟ ರೀ."

ನಾನು ಕಾಕಾನ ಕಡೆ ತಿರುಗಿದೆ. ಹೇಳುವವರು ಅವರೇ, ಏನಾದರೂ ಹೇಳಲಿ ಎಂದು ಕಾದೆ. ಎಲ್ಲರೂ ಅವರನ್ನೇ ನೋಡಿದರು. ಆ ಮನುಷ್ಯ ನಕ್ಕರು. ಆ ಜನರ ಜತೆ ಸೇರಿ, ಕೆಂಪು ಹಲ್ಲು ತೋರಿಸಿ ನಕ್ಕು, "ನಾ ಯಾವಾಗ ಹಂಗ ಹೇಳೀನಿ? ಇಂವ ಎಲ್ಲಿಂದ ತಂದಾನೋ" ಎಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರಶ್ನೆ ಕೇಳಿದವನು ಮೈಕಿನಲ್ಲಿ, ಈ ಭಯ್ಯಾಗೆ ಒಂದು ಚಪ್ಪಾಳೆ, ಎಷ್ಟು ಮುದ್ದಾದ ಕಥೆ ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ವಿಡಿಯೋ ಮಾಡುತ್ತಿದ್ದ ಒಬ್ಬಳು ಹತ್ತಿರ ಬಂದು, ಇನ್ನೊಂದು ಹೇಳಿ, ಇನ್ನೊಂದು ಎಂದಳು. ಒಬ್ಬ ನನ್ನ ತಲೆಗೆ ಪ್ಲಾಸ್ಟಿಕ್ ಶಿರಸ್ತ್ರಾಣ ಇಟ್ಟ. ಒಳಗೆ ಇನ್ನೊಬ್ಬನ ಬೆವರು ತಣ್ಣಗೆ ಹಣೆಗೆ ತಾಗಿತು. ನಗುವನ್ನು ತಡೆದುಕೊಳ್ಳಬಹುದು. ಆ ಚಪ್ಪಾಳೆ ನನ್ನ ಮೈಯಿಂದ ಇನ್ನೂ ಇಳಿದಿಲ್ಲ. ಶಿರಸ್ತ್ರಾಣವನ್ನು ಕಿತ್ತು ಕುರ್ಚಿಯ ಮೇಲಿಟ್ಟು ಹೊರಬಂದೆ.

ಬಸ್ ಸ್ಟಾಪಿಗೆ ಕಾಕಾ ಕುಂಟುತ್ತಾ ಹಿಂದೆಯೇ ಬಂದರು.

"ಮಂದ್ಯಾಗ ಯಾಕ ಎದ್ದು ನಿಂತಿ? ನಾ ಬರಂಗಿಲ್ಲ ಅಂದಿದ್ದೆ."

"ಕಾಕಾ, ನಿಮಗ ಇಂಗ್ಲಿಷ್ ಬರ್ತೈತೇನು?"

ರಸ್ತೆಗೆ ಉಗುಳಿ, "ಟಿ.ವಿ. ಮ್ಯಾಲ ಬರದಿರ್ತೈತಲ್ಲ, ಆನ್ ಆಫ್, ಅಷ್ಟು ಬರ್ತೈತಿ" ಎಂದರು.

ಎಷ್ಟು ವರ್ಷ, ಎಷ್ಟು ಭಾನುವಾರ. ನನಗೆ ಆಗ ಆ ಮಳೆಯ ದಿನ ನೆನಪಾಯಿತು. ಯಾವ ಕೈ, ಎಡಗೈ?

"ಅದು ನಮ್ಮಪ್ಪನ ಕೈ ಅಲ್ಲೇನ್ರಿ?" ಎಂದೆ.

ಅವರು ಜೇಬಿನ ಸ್ಕ್ರೂಡ್ರೈವರನ್ನು ತೆಗೆದು, ನೋಡಿ, ಮತ್ತೆ ಇಟ್ಟುಕೊಂಡರು. ನಾನು ನಂಬಿ ಒಂದು ಸಲ ಬಾಯಿ ಬಿಟ್ಟು ಹೇಳಿದ್ದನ್ನು ಯಾವುದೋ ಸತ್ತ ಡಬ್ಬಕ್ಕೆ ಪಾರ್ಟಿನಂತೆ ಕೂರಿಸಿ, ಎಂಟು ಮಂದಿಯ ಮುಂದೆ ನನಗೇ ತಿರುಗಿ ತೋರಿಸಿದ್ದರು. ನಾನು ಅದನ್ನು ನೋಡಿ ಕಣ್ಣು ಒರೆಸಿಕೊಂಡಿದ್ದೆ. ಬಂದ ಬಸ್ಸಿಗೆ ಅವರು ಹತ್ತಿದರು. ನಾನು ಹತ್ತಲಿಲ್ಲ.

ತಿಂಗಳ ಮೇಲೆ ಅವರು ನನ್ನ ಕೆಲಸದ ಜಾಗ ಹುಡುಕಿಕೊಂಡು ಬಂದರು. ವಾಚ್‌ಮನ್ ಒಳಗೆ ಬಿಡಲಿಲ್ಲ. ಗೇಟಿನ ಸರಳು ಹಿಡಿದು ನಿಂತರು. ನಾನು ಬೆನ್ನು ತಿರುಗಿಸಿ ಕಲ್ಲು ಕೂರಿಸುತ್ತಿದ್ದೆ.

"ಏ, ಇಲ್ಲಿ ನೋಡು. ಅವತ್ತ ಹಂಗ ಅನಬಾರ್ದಿತ್ತು. ಅಂಜಿಕಿ ಬಂತು ನನಗ."

ನಾನು ನೋಡಲಿಲ್ಲ.

"ನಾ ಹೇಳಿದ್ದು ಸುಳ್ಳೇ ಇರ್ಲಿ. ನೀ ಊರಿಗೆ ಹೋಗಿ ಬಂದದ್ದು ಖರೇ ಹೌದಿಲ್ಲೋ?"

ನಾನು ರಬ್ಬರ್ ಸುತ್ತಿಗೆಯಿಂದ ಕಲ್ಲನ್ನು ಬಡಿಯುತ್ತಲೇ ಇದ್ದೆ. ಆ ಕಲ್ಲಿಗೆ ಅಷ್ಟು ಬಡಿತ ಬೇಕಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿರುಗಿದರೆ ಗೇಟಿನ ಬಳಿ ಯಾರೂ ಇರಲಿಲ್ಲ. ಮೊದಲು ಬೆನ್ನು ತಿರುಗಿಸಿದವನು ನಾನೇ, ಅದನ್ನೂ ಬರೆದುಬಿಡುತ್ತೇನೆ.

ಆಮೇಲೆ ಕೋಠಿಯ ಆ ಗಲ್ಲಿಗೆ ನಾನು ಕಾಲಿಡಲಿಲ್ಲ. ಸುದ್ದಿ ಕೇಳಿದ ಮೇಲೆ, ಹೋದ ವಾರ ಔಷಧಿ ತರಲು ಆ ಕಡೆ ಹೋದವನು ಗಲ್ಲಿಯೊಳಗೆ ತಿರುಗಿದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಗೋಡೆಗೆ ಬಣ್ಣ, ಮೇಲೆ ಲೈಟು, ಎಲ್ಲ ಹೊಸದು. ಹೊಸ್ತಿಲು ಮಾತ್ರ ಅದೇ, ಅಪ್ಪ ಆರಿಸಿಕೊಟ್ಟದ್ದು. ನಾನು ಬಗ್ಗಿ, ಬೆರಳ ಗೆಣ್ಣಿನಿಂದ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಡಿದು ನೋಡಿದೆ.

ಅಂಗಡಿಯವನು, "ಕ್ಯಾ ಹೋನಾ ಭಾಯ್?" ಎಂದ.

"ಕುಚ್ ನಹೀ" ಎಂದೆ.

ಎಲ್ಲ ಕಡೆ ಗಟ್ಟಿ ಸದ್ದು. ಒಂದು ಕಡೆಯೂ ಪೊಳ್ಳು ಇರಲಿಲ್ಲ. ಅಂಚಿನಲ್ಲಿ ಅವರ ಕೆಂಪು ಉಗುಳಿನ ಕಲೆ ಕಲ್ಲಿನೊಳಗೇ ಇಳಿದು ಕಪ್ಪಾಗಿತ್ತು. ಅದು ಕೈಗೆ ತಾಗದಂತೆ ಎದ್ದು, ಹೊಸ್ತಿಲು ತುಳಿಯದೆ, ಬಂದ ದಾರಿಯಲ್ಲೇ ವಾಪಸ್ ಬಂದೆ.